ಒಂದೇ ತಾರೀಖಿಗೆ ಯಾಕೆ ಹೀಗಾಗುತ್ತದೆ? ಮನೆಯ ದಿನಗಳು ಕೂಡಿ ಬರುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಸಾಗರ, ತೀರ್ಥಹಳ್ಳಿ ಕಡೆಯ ಹೈಸ್ಕೂಲುಗಳಲ್ಲಿ ಮೂವತ್ತು ವರ್ಷಕ್ಕಿಂತ ಜಾಸ್ತಿ ಗಣಿತ ಹೇಳಿಕೊಟ್ಟೆ. ನಿವೃತ್ತಿಯಾದ ಮೇಲೂ ಹಳೇ ವಿದ್ಯಾರ್ಥಿಗಳು ಮದುವೆ ಮನೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಸಿಗುತ್ತಾರೆ. "ಟೀಚರೇ, ನಮ್ಮನೇಲಿ ಒಂದು ವಿಚಿತ್ರ ಆಗಿದೆ, ಲೆಕ್ಕ ಹಾಕಿ ಹೇಳಿ" ಅನ್ನುತ್ತಾರೆ. ಕೆಲವರು ಕಾಗದ ಬರೆಯುತ್ತಾರೆ. ಹೆಚ್ಚಿನವು ಹುಟ್ಟು, ಮದುವೆ, ಸಾವು, ಮನೆ ಒಕ್ಕಲು ಇವುಗಳ ದಿನಗಳು ಒಂದಕ್ಕೊಂದು ಹೊಂದಿಕೊಂಡು ಬಂದದ್ದರ ಬಗ್ಗೆ. ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಹೆಸರು, ಮನೆತನ ಬಿಟ್ಟಿದ್ದೇನೆ.

## ಮೊದಲಿಗೆ ಎಲ್ಲರೂ ಕೇಳುವವು

ಎಲ್ಲದಕ್ಕೂ ಕಾಕತಾಳೀಯ ಅಂತೀರಲ್ಲ, ಹಾಗಂದ್ರೆ ಏನು?

ಕಾಕ ಅಂದರೆ ಕಾಗೆ. ತಾಳ ಅಂದರೆ ತಾಳೆ ಮರ. ಕಾಗೆ ಬಂದು ಮರದ ಮೇಲೆ ಕೂತಿತು, ಅದೇ ಹೊತ್ತಿಗೆ ತಾಳೆ ಹಣ್ಣು ಬಿತ್ತು. ಕಾಗೆಯ ಭಾರಕ್ಕೆ ಬಿದ್ದದ್ದಲ್ಲ, ಹಣ್ಣಾಗಿತ್ತು, ಬಿತ್ತು. ನಮ್ಮ ಆಡುಮಾತಿನಲ್ಲೂ ಇದೆ: ಕಾಗೆ ಕೂರೋದಕ್ಕೂ ಟೊಂಗೆ ಮುರಿಯೋದಕ್ಕೂ ಸರಿಹೋಯ್ತು. ಎರಡು ಸಂಗತಿ ಒಟ್ಟಿಗೆ ಆದವು, ಒಂದರಿಂದ ಇನ್ನೊಂದು ಆಗಲಿಲ್ಲ ಅನ್ನುವುದೇ ಈ ಮಾತಿನ ಅರ್ಥ. "ಸುಳ್ಳು" ಅಂತಲೋ "ಏನೂ ಆಗಿಲ್ಲ" ಅಂತಲೋ ಅಲ್ಲ. ಕಾಗೆ ಕೂತದ್ದೂ ನಿಜ, ಹಣ್ಣು ಬಿದ್ದದ್ದೂ ನಿಜ.

ನಮ್ಮ ಮದುವೆ, ಮಗನ ಉಪನಯನ, ಮನೆ ಒಕ್ಕಲು ಮೂರೂ ಏಪ್ರಿಲ್ ಕೊನೇ ವಾರದಲ್ಲೇ ಆಗಿದೆ. ಇದು ಏನಾದ್ರೂ ಸೂಚನೆಯಾ?

ಇದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ವರ್ಷದ 365 ದಿನದಲ್ಲಿ ನಾವು ಶುಭ ಕಾರ್ಯಕ್ಕೆ ಎಷ್ಟು ದಿನ ಉಳಿಸಿಕೊಂಡಿದ್ದೇವೆ, ನೋಡಿ. ಆಷಾಢ ಬೇಡ. ಪಿತೃಪಕ್ಷ ಬೇಡ. ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿವರೆಗೆ ಧನುರ್ಮಾಸ, ಅದೂ ಬೇಡ. ಗುರು ಅಸ್ತ, ಶುಕ್ರ ಅಸ್ತ ಬಂದರೆ ಆ ದಿನಗಳೂ ಹೋದವು. ಅಧಿಕ ಮಾಸ ಬಂದ ವರ್ಷ ಇನ್ನೊಂದು ತಿಂಗಳು ಕಡಿಮೆ.

ಇದು ಎಲ್ಲ ಕಡೆ ಇರುವ ಮಾತು. ಮಲೆನಾಡಿನಲ್ಲಿ ಇದರ ಮೇಲೆ ಮಳೆ ಬೇರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಗುಂಬೆ, ಹೊಸನಗರ ಕಡೆ ಅಂಗಳದಲ್ಲಿ ಚಪ್ಪರ ಹಾಕಿ ನೂರು ಜನಕ್ಕೆ ಊಟ ಬಡಿಸಲು ಆಗುತ್ತದಾ? ಇನ್ನು ದುಡ್ಡು. ದೀಪಾವಳಿ ಕಳೆದ ಮೇಲೆ ಅಡಿಕೆ ಕೊಯ್ಲು ಜೋರಾಗುತ್ತದೆ. ಸುಲಿದು, ಬೇಯಿಸಿ, ಒಣಗಿಸಿ ಮಂಡಿಗೆ ಹಾಕುವಷ್ಟರಲ್ಲಿ ಶಿವರಾತ್ರಿ ಹತ್ತಿರ ಬಂದಿರುತ್ತದೆ. ಕೈಯಲ್ಲಿ ನಾಲ್ಕು ಕಾಸು ಇರುವುದು ಆಗಲೇ. ಶಾಲೆಗೆ ರಜೆ ಸಿಗುವುದು ಏಪ್ರಿಲ್, ಮೇ ತಿಂಗಳಲ್ಲಿ. ಬೆಂಗಳೂರಿನಲ್ಲಿರುವ ಮಕ್ಕಳು ಬರುವುದೂ ಆಗಲೇ.

ಎಲ್ಲ ಕಳೆದರೆ ಉಳಿಯುವುದು ಕೆಲವೇ ವಾರ. ಅಷ್ಟರೊಳಗೆ ಎಲ್ಲರೂ ಎಲ್ಲವನ್ನೂ ಮುಗಿಸಬೇಕು. ಹಾಗಾಗಿ ನಿಮ್ಮ ಮೂರು ಕಾರ್ಯ ಒಂದೇ ವಾರಕ್ಕೆ ಬಂದದ್ದು ಆಶ್ಚರ್ಯವಲ್ಲ. ಮೂರರಲ್ಲಿ ಒಂದು ಜುಲೈ ತಿಂಗಳಲ್ಲಿ ಆಗಿದ್ದರೆ ನಾನು ಆಶ್ಚರ್ಯಪಡುತ್ತಿದ್ದೆ.

ನಮ್ಮೂರಲ್ಲಿ ಹಿರಿಯರೆಲ್ಲ ಜೂನ್ 1ಕ್ಕೇ ಹುಟ್ಟಿದ್ದಾರಲ್ಲ, ಹೇಗೆ?

ಹುಟ್ಟಿದ್ದಲ್ಲ, ಬರೆಸಿದ್ದು. ಆಗ ಹೆಚ್ಚಿನ ಹೆರಿಗೆ ಮನೆಯಲ್ಲೇ. ತಾರೀಖು ಯಾರೂ ಗುರುತು ಹಾಕಿಕೊಳ್ಳುತ್ತಿರಲಿಲ್ಲ. ಅಪ್ಪ ಮಗುವಿನ ಕೈ ಹಿಡಿದು ಶಾಲೆಗೆ ಬಂದು "ನೆಟ್ಟಿ ಹೊತ್ತಿಗೆ ಹುಟ್ಟಿದ್ದು, ಆರು ವರ್ಷ ಆಗಿರಬೇಕು" ಅನ್ನುತ್ತಿದ್ದರು. ಮೇಷ್ಟರು ಏನು ಮಾಡಬೇಕು? ಶಾಲೆ ಶುರುವಾಗುವುದು ಜೂನ್ ತಿಂಗಳಲ್ಲಿ. ಆ ದಿನಕ್ಕೆ ವಯಸ್ಸು ತುಂಬುವ ಹಾಗೆ ಹಿಂದಕ್ಕೆ ಎಣಿಸಿ ಜೂನ್ 1 ಅಂತ ದಾಖಲಾತಿ ಪುಸ್ತಕದಲ್ಲಿ ಬರೆದುಬಿಡುತ್ತಿದ್ದರು.

ಅದರ ಪರಿಣಾಮ ಅರವತ್ತು ವರ್ಷ ಆದ ಮೇಲೆ ಕಾಣುತ್ತದೆ. ತಿಂಗಳ ಒಂದನೇ ತಾರೀಖು ಹುಟ್ಟಿದ ಸರ್ಕಾರಿ ನೌಕರರು ಹಿಂದಿನ ತಿಂಗಳ ಕೊನೇ ದಿನವೇ ನಿವೃತ್ತರಾಗುತ್ತಾರೆ. ಅದಕ್ಕೇ ಮೇ 31ರ ಸಂಜೆ ಅಷ್ಟೊಂದು ಬೀಳ್ಕೊಡುಗೆ. ಅಣ್ಣ, ತಮ್ಮ ಇಬ್ಬರದ್ದೂ ಜೂನ್ 1 ಆಗಿರುವ ಮನೆಗಳನ್ನೂ ನೋಡಿದ್ದೇನೆ. ಹಳೇ ತಾರೀಖುಗಳ ಮೇಲೆ ಏನಾದರೂ ಲೆಕ್ಕ ಹಾಕುವ ಮೊದಲು ಅದನ್ನು ಬರೆದವರು ಯಾರು, ಯಾಕೆ ಬರೆದರು ಅಂತ ಕೇಳಿಕೊಳ್ಳಿ.

ನಮ್ಮ ಮನೇಲಿ ಇಬ್ಬರ ಹುಟ್ಟುಹಬ್ಬ ಒಂದೇ ದಿನ. ಇದು ಅಪರೂಪ ತಾನೇ?

ಎಷ್ಟು ಜನ ಇದ್ದೀರಿ ಅನ್ನುವುದರ ಮೇಲೆ ಹೋಗುತ್ತದೆ. ತರಗತಿಯಲ್ಲಿ ಈ ಪ್ರಶ್ನೆ ಕೇಳಿದಾಗ ಮಕ್ಕಳು "365ರ ಅರ್ಧ, ಅಂದ್ರೆ ನೂರ ಎಂಬತ್ತು ಜನ ಬೇಕು" ಅನ್ನುತ್ತಿದ್ದರು. ನಿಜವಾಗಿ 23 ಜನ ಸಾಕು. 23 ಜನ ಸೇರಿದರೆ ಯಾರಾದರೂ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಬೀಳುವ ಸಾಧ್ಯತೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. 30 ಜನ ಇದ್ದರೆ ನೂರಕ್ಕೆ 70. 57 ಜನ ಆದರೆ ನೂರಕ್ಕೆ 99.

ಯಾಕೆ ಅಂದರೆ ನಾವು ಎಣಿಸಬೇಕಾದದ್ದು ಜನರನ್ನಲ್ಲ, ಜೋಡಿಗಳನ್ನು. 23 ಜನರಲ್ಲಿ 253 ಜೋಡಿ ಆಗುತ್ತವೆ. ಪ್ರತಿ ಜೋಡಿಗೂ ಹೊಂದಿಕೊಳ್ಳಲು ಒಂದೊಂದು ಅವಕಾಶ.

ಆದರೆ "ನನ್ನ ಹುಟ್ಟುಹಬ್ಬದ ದಿನವೇ ಹುಟ್ಟಿದವರು ಒಬ್ಬರಾದರೂ ಸಿಗಬೇಕು" ಅಂತ ಕೇಳಿದರೆ ಲೆಕ್ಕ ಬೇರೆ. ಆಗ ಒಂದು ಕಡೆ ನೀವೇ ಇರಬೇಕು. ಅರ್ಧದಷ್ಟು ಸಾಧ್ಯತೆಗೆ ನಿಮ್ಮನ್ನು ಬಿಟ್ಟು 253 ಜನ ಬೇಕು. ಈ ಎರಡು ಪ್ರಶ್ನೆಗಳನ್ನು ಬೆರೆಸಿಕೊಳ್ಳುವುದರಿಂದಲೇ ಅರ್ಧ ಗೊಂದಲ ಹುಟ್ಟುವುದು. ನಮ್ಮ ಕಡೆಯ ಒಟ್ಟು ಕುಟುಂಬಗಳಲ್ಲಿ, ಚಿಕ್ಕಪ್ಪ ದೊಡ್ಡಪ್ಪಂದಿರ ಮಕ್ಕಳನ್ನೆಲ್ಲ ಹಿಡಿದರೆ, ಮೂವತ್ತು ಜನ ಸುಲಭವಾಗಿ ಆಗುತ್ತಾರೆ.

ನಾವು ನಾಲ್ಕು ಜನ. ಅದರಲ್ಲಿ ಮೂರು ಜನ ಗುರುವಾರ ಹುಟ್ಟಿದವರು. ಏನಂತೀರಿ?

ನಾಲ್ಕು ಜನರಲ್ಲಿ ಮೂವರಾದರೂ ಒಂದೇ ವಾರ ಹುಟ್ಟುವ ಸಾಧ್ಯತೆ ನೂರಕ್ಕೆ 7. ಹದಿನಾಲ್ಕು ಮನೆಗೆ ಒಂದು ಅನ್ನಿ. ಗುರುವಾರವೇ ಆಗಬೇಕು ಅಂತ ನೀವು ಮೊದಲೇ ಹೇಳಿರಲಿಲ್ಲ, ಅದಕ್ಕೆ ಏಳು ವಾರವನ್ನೂ ಎಣಿಸಿದ್ದೇನೆ. ನಿಮ್ಮ ಕೇರಿಯಲ್ಲಿ ವಿಚಾರಿಸಿ, ಇನ್ನೊಂದು ಮನೆ ಸಿಕ್ಕೀತು.

## ತಿಥಿ ಮತ್ತು ತಾರೀಖು

ಮಗಳ 19ನೇ ಹುಟ್ಟುಹಬ್ಬಕ್ಕೆ ತಿಥಿ, ತಾರೀಖು ಎರಡೂ ಒಂದೇ ದಿನ ಬಂತು. ಅವಳ ಜಾತಕದಲ್ಲಿ ಏನಾದ್ರೂ ವಿಶೇಷ ಇದ್ಯಾ?

ಇದು ಅವಳೊಬ್ಬಳದ್ದಲ್ಲ, ನಮ್ಮೆಲ್ಲರದ್ದು. ಹುಣ್ಣಿಮೆಯಿಂದ ಹುಣ್ಣಿಮೆಗೆ ಸುಮಾರು 29 ದಿನ 12 ಗಂಟೆ 44 ನಿಮಿಷ. ಇಂಥ 235 ತಿಂಗಳು ಸೇರಿದರೆ 6939 ದಿನ ದಾಟಿ ಇನ್ನೂ ಮುಕ್ಕಾಲು ದಿನದ ಹತ್ತಿರ ಹೋಗುತ್ತದೆ. 19 ಸೌರ ವರ್ಷ ಎಣಿಸಿದರೂ ಹೆಚ್ಚುಕಡಿಮೆ ಅಷ್ಟೇ. ಎರಡಕ್ಕೂ ಇರುವ ವ್ಯತ್ಯಾಸ ಸುಮಾರು ಎರಡು ಗಂಟೆ. ವರ್ಷಕ್ಕೆ ಹನ್ನೆರಡರಂತೆ 19 ವರ್ಷಕ್ಕೆ 228 ಚಾಂದ್ರ ಮಾಸ. ಉಳಿದ ಏಳು ಅಧಿಕ ಮಾಸಗಳು.

ಹಾಗಾಗಿ 19, 38, 57, 76ನೇ ವಯಸ್ಸಿಗೆ ಎಲ್ಲರಿಗೂ ಹುಟ್ಟಿದ ತಿಥಿ ಮತ್ತು ತಾರೀಖು ಮತ್ತೆ ಹತ್ತಿರ ಬರುತ್ತವೆ. ಕೆಲವು ಸಲ ಒಂದು ದಿನ ಆಚೀಚೆ ಆಗುತ್ತದೆ. 2002ರಲ್ಲಿ ಯುಗಾದಿ ಏಪ್ರಿಲ್ 13ಕ್ಕೆ ಬಂದಿತ್ತು. 19 ವರ್ಷ ಕಳೆದು 2021ರಲ್ಲೂ ಏಪ್ರಿಲ್ 13ಕ್ಕೇ ಬಂತು. 2004ರದ್ದು ಮಾರ್ಚ್ 21, 2023ರದ್ದು ಮಾರ್ಚ್ 22.

ಪಂಚಾಂಗ ನೋಡಿ ಇದನ್ನು ತಾವೇ ಕಂಡುಹಿಡಿದ ಹಿರಿಯರು ನಮ್ಮ ಕಡೆ ಇದ್ದರು. ದೂರದರ್ಶಕ ಇಲ್ಲದ ಕಾಲದಲ್ಲಿ ಬರೀ ನೋಡಿ, ಬರೆದಿಟ್ಟು ಕಂಡುಕೊಂಡ ಹೊಂದಾಣಿಕೆ ಇದು. ಇಂಥವೂ ಇರುತ್ತವೆ, ಕಾರಣ ಇರುವ ಹೊಂದಾಣಿಕೆಗಳು.

ಅಪ್ಪನ ಶ್ರಾದ್ಧ ಈ ಸಲ ಮಗನ ಹುಟ್ಟುಹಬ್ಬದ ದಿನವೇ ಬಂತು. ಮನೆಯವರಿಗೆ ಹೆದರಿಕೆ. ಏನು ಮಾಡ್ಲಿ?

ಶ್ರಾದ್ಧ ಮಾಡುವುದು ತಿಥಿಯ ಮೇಲೆ. ಮಗನ ಹುಟ್ಟುಹಬ್ಬ ತಾರೀಖಿನ ಮೇಲೆ. ತಾರೀಖು ನಿಂತ ಜಾಗದಲ್ಲೇ ನಿಂತಿರುತ್ತದೆ, ತಿಥಿ ಓಡಾಡುತ್ತಿರುತ್ತದೆ. ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಬರುತ್ತದೆ. ಅಧಿಕ ಮಾಸ ಬಂದರೆ ಒಂದೇ ಸಲ ಮುಂದೆ ಹಾರುತ್ತದೆ. ಯುಗಾದಿಯನ್ನೇ ನೋಡಿ: 2021ರಲ್ಲಿ ಏಪ್ರಿಲ್ 13, ಮುಂದಿನ ವರ್ಷ ಏಪ್ರಿಲ್ 2, ಅದರ ಮುಂದಿನ ವರ್ಷ ಮಾರ್ಚ್ 22. 2023ರಲ್ಲಿ ಅಧಿಕ ಶ್ರಾವಣ ಬಂತು, ಅದಕ್ಕೆ 2024ರ ಯುಗಾದಿ ಏಪ್ರಿಲ್ 9ಕ್ಕೆ ಹಾರಿತು.

ಒಂದು ತಿಥಿ ಹೀಗೆ ಸುಮಾರು ಒಂದು ತಿಂಗಳ ಜಾಗದಲ್ಲಿ ಓಡಾಡುತ್ತದೆ. ಆ ತಿಂಗಳೊಳಗೆ ಮನೆಯವರ ಯಾರ ಹುಟ್ಟುಹಬ್ಬ ಇದ್ದರೂ ಒಂದಲ್ಲ ಒಂದು ವರ್ಷ ಎರಡೂ ಎದುರುಬದುರಾಗುವ ಸಂಭವ ಚೆನ್ನಾಗಿಯೇ ಇದೆ. ಮುಂದಿನ ವರ್ಷ ಬೇರೆಯಾಗುತ್ತವೆ. ಮಗುವಿಗೆ ಇದರಿಂದ ಏನೂ ಆಗುವುದಿಲ್ಲ. ಆಚರಣೆ ಹೇಗೆ ಅಂತ ನಿಮ್ಮ ಮನೆಯ ಹಿರಿಯರು, ಪುರೋಹಿತರು ಹೇಳಲಿ. ನಮ್ಮ ಮನೆಯಲ್ಲಿ ಹೀಗಾದಾಗ ಮಧ್ಯಾಹ್ನ ಶ್ರಾದ್ಧ ಮುಗಿಸಿ, ಮಾರನೇ ದಿನ ಮಗುವಿಗೆ ಪಾಯಸ ಮಾಡಿದೆವು. ಮಗುವಿನ ಎದುರಿಗೆ ಮಾತ್ರ "ಇವತ್ತೇ ಬರಬೇಕಿತ್ತಾ" ಅನ್ನಬೇಡಿ. ಆ ಮಾತು ಅದರ ಮನಸ್ಸಿನಲ್ಲಿ ಉಳಿದುಬಿಡುತ್ತದೆ.

ಅರವತ್ತಕ್ಕೆ ಶಾಂತಿ, ಎಂಬತ್ತಾದ ಮೇಲೆ ಸಹಸ್ರ ಚಂದ್ರ ದರ್ಶನ. ಈ ಸಂಖ್ಯೆಗಳೇ ಯಾಕೆ?

ಸಂವತ್ಸರಗಳ ಹೆಸರು ಅರವತ್ತು. 1965ರ ಯುಗಾದಿಗೆ ವಿಶ್ವಾವಸು ಶುರುವಾಗಿತ್ತು, 2025ರ ಯುಗಾದಿಗೆ ಅದೇ ಹೆಸರು ತಿರುಗಿ ಬಂತು. ಗುರು ಒಂದು ಸುತ್ತು ಬರಲು ಸುಮಾರು 12 ವರ್ಷ, ಶನಿಗೆ ಸುಮಾರು 30. ಅರವತ್ತರಲ್ಲಿ ಗುರುವಿಗೆ ಐದು ಸುತ್ತು, ಶನಿಗೆ ಎರಡು. ಇಬ್ಬರೂ ನೀವು ಹುಟ್ಟಿದಾಗ ಇದ್ದ ಜಾಗದ ಹತ್ತಿರ ಬರುತ್ತಾರೆ.

ಸಾವಿರ ಹುಣ್ಣಿಮೆಯನ್ನು ದಿನಕ್ಕೆ ತಿರುಗಿಸಿದರೆ ಸುಮಾರು 29,530 ಆಗುತ್ತದೆ. ವರ್ಷದಲ್ಲಿ ಹೇಳಿದರೆ 80 ವರ್ಷ 10 ತಿಂಗಳು. ಇದನ್ನು ನಾನು ಹತ್ತನೇ ತರಗತಿಗೆ ಭಾಗಾಕಾರದ ಲೆಕ್ಕವಾಗಿ ಕೊಡುತ್ತಿದ್ದೆ. ಮಕ್ಕಳು ಮನೆಗೆ ಹೋಗಿ ಅಜ್ಜಿ ಎಷ್ಟು ಹುಣ್ಣಿಮೆ ನೋಡಿದ್ದಾರೆ ಅಂತ ಲೆಕ್ಕ ಹಾಕಿಕೊಂಡು ಬರುತ್ತಿದ್ದರು. ಒಬ್ಬ ಹುಡುಗ ಮಳೆಗಾಲದ ಹುಣ್ಣಿಮೆ ಎಲ್ಲ ಕಳೆದು ತಂದಿದ್ದ. ನಮ್ಮೂರಲ್ಲಿ ಆಗ ಚಂದ್ರ ಕಾಣುವುದಿಲ್ಲವಲ್ಲ ಅಂತ.

ಹಿರಿಯರನ್ನ ಕೇಳಿದ್ರೆ ಎಲ್ಲರ ಮದುವೆ, ಎಲ್ಲರ ಹುಟ್ಟು 'ಮುಳುಗಡೆ ವರ್ಷ' ಅಂತಾರೆ. ಅಷ್ಟೊಂದು ಹೇಗೆ ಆಗಿರುತ್ತೆ?

ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಶರಾವತಿ ಹಿನ್ನೀರಿಗೆ ಸಾಗರ, ಹೊಸನಗರ ಸೀಮೆಯ ಎಷ್ಟೋ ಹಳ್ಳಿ, ಗದ್ದೆ, ತೋಟ ಹೋದವು. ಅಂಥ ದೊಡ್ಡ ಘಟನೆ ನೆನಪಿನಲ್ಲಿ ಗೂಟದ ಹಾಗೆ ನಿಂತುಬಿಡುತ್ತದೆ. ಅದಕ್ಕೆ ಎರಡು ವರ್ಷ ಹಿಂದಿನದ್ದನ್ನೂ ಮೂರು ವರ್ಷ ಮುಂದಿನದ್ದನ್ನೂ ಜನ ಅದೇ ಗೂಟಕ್ಕೆ ಕಟ್ಟುತ್ತಾರೆ. ಸುಳ್ಳು ಹೇಳುತ್ತಿಲ್ಲ. ನೆನಪು ಕೆಲಸ ಮಾಡುವುದೇ ಹಾಗೆ. ಊರು ಬಿಡುವ ಮೊದಲು ಅವಸರದಲ್ಲಿ ಮುಗಿಸಿದ ಮದುವೆಗಳೂ ಇದ್ದವು ಅಂತ ಹಿರಿಯರು ಹೇಳುವುದನ್ನು ಕೇಳಿದ್ದೇನೆ.

ಹಾಗಾಗಿ ನೆನಪಿನಿಂದ ಕೂಡಿಸಿದ ಹೊಂದಾಣಿಕೆಗಳನ್ನು ಕಾಗದದ ಜೊತೆ ತಾಳೆ ನೋಡಿ. ಲಗ್ನಪತ್ರಿಕೆ, ಪಂಚಾಂಗದ ಅಂಚಿನ ಬರಹ, ಅಡಿಕೆ ಲೆಕ್ಕದ ಪುಸ್ತಕ. ನಮ್ಮ ಅಜ್ಜ, ಮರ ಹತ್ತಿ ಅಡಿಕೆ ಕೊನೆ ಇಳಿಸುವ ಕೊನೆಗೌಡನಿಗೆ ಕೊಟ್ಟ ಕೂಲಿಯ ಪಕ್ಕದಲ್ಲೇ "ಈ ದಿವಸ ಹೆಣ್ಣು ಮಗು" ಅಂತ ಬರೆದಿದ್ದರು. ನಮ್ಮ ಅತ್ತೆ ಹುಟ್ಟಿದ ನಿಜವಾದ ದಿನ ನಮಗೆ ಗೊತ್ತಾದದ್ದು ಅದರಿಂದ.

## ಮನಸ್ಸಿಗೆ ತಾಗುವ ಪ್ರಶ್ನೆಗಳು

ಅಪ್ಪ ತೀರಿಕೊಂಡ ವಯಸ್ಸಿಗೆ ನಾನೂ ಬಂದೆ. ಯಾರ ಹತ್ರನೂ ಹೇಳಿಲ್ಲ, ಆದ್ರೆ ರಾತ್ರಿ ನಿದ್ದೆ ಬರಲ್ಲ.

ಈ ಪ್ರಶ್ನೆ ನಲವತ್ತು ದಾಟಿದ ಗಂಡಸರಿಂದ ಜಾಸ್ತಿ ಬರುತ್ತದೆ. ಬಾಯಿಬಿಟ್ಟು ಕೇಳುವವರು ಕಡಿಮೆ. ಎಲ್ಲರೂ ಹೋದ ಮೇಲೆ ಗೇಟಿನ ಹತ್ತಿರ ನಿಂತು ಕೇಳುತ್ತಾರೆ.

ನನ್ನ ಅಪ್ಪ ಹೋದಾಗ ಅವರಿಗೆ 51 ವರ್ಷ 4 ತಿಂಗಳು. ನನಗೆ ಐವತ್ತು ತುಂಬಿದ ದಿನದಿಂದ ಈ ಲೆಕ್ಕ ತಲೆಯೊಳಗೆ ಕೂತಿತ್ತು. ಕೊನೆಗೆ ಒಂದು ರಾತ್ರಿ ದಿನಗಳನ್ನೇ ಎಣಿಸಿದೆ. ಅಪ್ಪ ಬದುಕಿದ್ದು 18,748 ದಿನ. ನಾನು ಅಷ್ಟು ದಿನ ಮುಗಿಸುವುದು ಯಾವಾಗ ಅಂತ ನೋಡಿದರೆ ಒಂದು ಬುಧವಾರ. ಆ ಬುಧವಾರ ಶಾಲೆಗೆ ಹೋದೆ. ಹತ್ತನೇ ತರಗತಿಗೆ ಪೈಥಾಗೊರಸ್ ಪ್ರಮೇಯ ಮಾಡಿದೆ. ಗುರುವಾರ ಬೆಳಿಗ್ಗೆ ಎದ್ದಾಗ ಅಪ್ಪನಿಗಿಂತ ಒಂದು ದಿನ ದೊಡ್ಡವಳಾಗಿದ್ದೆ. ಅಳು ಬಂತು, ಆದರೆ ಹೆದರಿಕೆಯಿಂದಲ್ಲ. ಅಪ್ಪ ಎಷ್ಟು ಚಿಕ್ಕವರಿದ್ದರು ಅಂತ ಅವತ್ತೇ ಅರ್ಥವಾದದ್ದು.

ಅಪ್ಪನ ವಯಸ್ಸಿನ ಅಂಕಿಗೆ ನಿಮ್ಮ ದೇಹದ ಮೇಲೆ ಅಧಿಕಾರ ಇಲ್ಲ. ಆದರೆ ಅಪ್ಪನ ಕಾಯಿಲೆಗೆ ಇರಬಹುದು. ಇವೆರಡನ್ನೂ ಬೇರೆ ಮಾಡಿ ನೋಡಿ. ಅಪ್ಪ ಅಥವಾ ಅಣ್ಣ ತಮ್ಮಂದಿರಿಗೆ 55ರ ಒಳಗೆ, ಅಮ್ಮ ಅಥವಾ ಅಕ್ಕ ತಂಗಿಯರಿಗೆ 65ರ ಒಳಗೆ ಹೃದಯದ ಕಾಯಿಲೆ ಬಂದಿದ್ದರೆ ಅದನ್ನು ವೈದ್ಯರು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಹೋಗಿ ಹೇಳಿ. ಬಿಪಿ, ಸಕ್ಕರೆ, ಕೊಬ್ಬಿನಂಶ ನೋಡಿಸಿ. ಎಲೆ ಅಡಿಕೆ ಜೊತೆ ತಂಬಾಕು ಹಾಕುವ ಅಭ್ಯಾಸ ಇದ್ದರೆ ಬಿಡಿ. ಅಪ್ಪ ಹೋದದ್ದು ಅಪಘಾತದಲ್ಲೋ, ಹಾವು ಕಚ್ಚಿಯೋ ಆಗಿದ್ದರೆ ಆ ವಯಸ್ಸಿಗೂ ನಿಮಗೂ ಏನೂ ಸಂಬಂಧವಿಲ್ಲ.

ಸೊಸೆ ಕಾಲಿಟ್ಟ ವರ್ಷವೇ ಮಾವ ಹೋದರು. ಕಾಲ್ಗುಣ ಅಂತ ಎಲ್ರೂ ಅಂತಾರೆ. ದಿನ ನೋಡಿದ್ರೆ ಹೊಂದುತ್ತೆ ಅಲ್ವಾ?

ಹೊಂದುವುದಿಲ್ಲ. ಈ ಒಂದು ಪ್ರಶ್ನೆಗೆ ನಾನು ಮೆತ್ತಗೆ ಉತ್ತರ ಕೊಡುವುದಿಲ್ಲ, ಯಾಕೆ ಅಂತ ಹೇಳುತ್ತೇನೆ.

ನನ್ನ ಅಕ್ಕನನ್ನು ಹೊಸನಗರ ಕಡೆ ಕೊಟ್ಟಿದ್ದರು. ಮೇ ತಿಂಗಳಲ್ಲಿ ಮದುವೆ. ಆ ವರ್ಷ ಮಳೆ ಹಿಡಿದದ್ದು ಬಿಡಲೇ ಇಲ್ಲ. ಅಡಿಕೆಗೆ ಬೋರ್ಡೋ ಔಷಧಿ ಹೊಡೆಯಲು ಎರಡು ದಿನ ಬಿಸಿಲು ಸಿಗಲಿಲ್ಲ. ತೋಟಕ್ಕೆ ಕೊಳೆ ರೋಗ ಬಂತು, ಕಾಯಿ ಉದುರಿತು. ಕಾರ್ತಿಕದಲ್ಲಿ ಅವಳ ಮಾವ ತೀರಿಕೊಂಡರು. ಎರಡನ್ನೂ ಸೇರಿಸಿ ಅವಳ ತಲೆಗೆ ಕಟ್ಟಿದರು. ಎಷ್ಟೋ ವರ್ಷ ಯಾವ ಮನೆಯ ಶುಭಕಾರ್ಯದಲ್ಲೂ ಅವಳು ಮುಂದೆ ಬಂದು ಆರತಿ ಎತ್ತಲಿಲ್ಲ. ಹೆತ್ತ ಮಗಳ ಮದುವೆಯಲ್ಲೂ ಹಿಂದೆ ನಿಂತಿದ್ದಳು.

ಈಗ ಲೆಕ್ಕಕ್ಕೆ ಬನ್ನಿ. ಆ ಮಳೆಗಾಲದಲ್ಲಿ ಅವರ ಸುತ್ತಿನ ಏಳು ತೋಟಕ್ಕೆ ಕೊಳೆ ಬಂದಿತ್ತು. ಆ ವರ್ಷ ಸೊಸೆ ಬಂದದ್ದು ಒಂದೇ ಮನೆಗೆ. ಉಳಿದ ಆರು ತೋಟಕ್ಕೆ ಯಾರ ಕಾಲ್ಗುಣ? ಇದನ್ನು ಯಾರೂ ಕೇಳಲಿಲ್ಲ.

ಇನ್ನು ಸಾವು. ಮಗನಿಗೆ ಮದುವೆ ವಯಸ್ಸಾಗಿದೆ ಅಂದರೆ ಮನೆಯಲ್ಲಿ ಹಿರಿಯರಿಗೂ ವಯಸ್ಸಾಗಿದೆ ಅಂತಲೇ ಅರ್ಥ. ಅಜ್ಜ, ಅಜ್ಜಿ, ಮಾವ, ಅತ್ತೆ ನಾಲ್ವರೂ ಇರುವ ಮನೆ ಅಂದುಕೊಳ್ಳಿ. ಒಂದು ವರ್ಷದಲ್ಲಿ ಅಜ್ಜ ಹೋಗುವ ಸಾಧ್ಯತೆ ನೂರಕ್ಕೆ 10, ಅಜ್ಜಿಗೆ 7, ಮಾವನಿಗೆ 2, ಅತ್ತೆಗೆ 1 ಅಂತ ಊಹೆಗೆ ಇಟ್ಟುಕೊಳ್ಳೋಣ. ಆಗ ಆ ವರ್ಷ ಒಬ್ಬರಾದರೂ ಹೋಗುವ ಸಾಧ್ಯತೆ ನೂರಕ್ಕೆ 19ರ ಹತ್ತಿರ. ಐದು ಮನೆಗೆ ಒಂದು. ಸೊಸೆ ಬರಲಿ, ಬಿಡಲಿ.

ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. "ಅಜ್ಜಿ ಕಣ್ಣು ಮುಚ್ಚೋದ್ರೊಳಗೆ ಒಂದು ಮದುವೆ ಆಗಲಿ" ಅಂತ ಎಷ್ಟು ಮನೆಯಲ್ಲಿ ಅವಸರ ಮಾಡುವುದಿಲ್ಲ? ಮಾವನಿಗೆ ಹುಷಾರಿಲ್ಲ ಅಂತಲೇ ಮದುವೆ ಬೇಗ ಮಾಡುತ್ತಾರೆ. ಅಂದರೆ ಕಾಯಿಲೆ ಮೊದಲು, ಮದುವೆ ಆಮೇಲೆ. ಮದುವೆ ಸಾವನ್ನು ಕರೆತರಲಿಲ್ಲ, ಬರುತ್ತಿದ್ದ ಸಾವು ಮದುವೆಯನ್ನು ಬೇಗ ತಂದಿತು. ಅಕ್ಕನ ಮಾವನಿಗೆ ಎರಡು ವರ್ಷದಿಂದ ಉಬ್ಬಸ ಇತ್ತು. ಎಲ್ಲರಿಗೂ ಗೊತ್ತಿತ್ತು.

ನಿಮ್ಮ ಮನೆಯ ಸೊಸೆ ಇದನ್ನು ಈಗಾಗಲೇ ಕೇಳಿಸಿಕೊಂಡಿರುತ್ತಾಳೆ. ಅವಳನ್ನು ಕೂರಿಸಿಕೊಂಡು, ಆ ಮಾತು ಆಡಿದವರ ಎದುರಿಗೇ, ಅದು ತಪ್ಪು ಅಂತ ಹೇಳಿ.

ಒಂದೇ ವರ್ಷದಲ್ಲಿ ಬಳಗದಲ್ಲಿ ಮೂರು ಸಾವು. ಯಾರೋ ಏನೋ ಮಾಡಿಸಿದ್ದಾರೆ ಅಂತಾರೆ.

ಮೊದಲು, ನಿಮಗೆ ಆದ ನಷ್ಟಕ್ಕೆ ನನ್ನ ಹತ್ತಿರ ಲೆಕ್ಕ ಇಲ್ಲ. ಭಯಕ್ಕೆ ಮಾತ್ರ ಇದೆ.

ಅಂಗಳದಲ್ಲಿ ಒಂದು ಮುಷ್ಟಿ ಅಡಿಕೆ ಎಸೆಯಿರಿ. ಸಾಲಾಗಿ ಬೀಳುತ್ತವಾ? ಒಂದು ಕಡೆ ನಾಲ್ಕು ಗುಂಪಾಗಿ, ಇನ್ನೊಂದು ಕಡೆ ಖಾಲಿ. ಕಾಲವೂ ಹಾಗೇ. ದೊಡ್ಡ ಬಳಗದಲ್ಲಿ 12 ವರ್ಷಕ್ಕೆ 12 ಸಾವು ಆಗಿವೆ ಅನ್ನಿ. ವರ್ಷಕ್ಕೊಂದರಂತೆ ಹಂಚಿಕೊಂಡು ಬರುತ್ತವೆ ಅಂತ ಮನಸ್ಸು ಎಣಿಸುತ್ತದೆ. ಸುಮ್ಮನೆ ಬಿದ್ದ ಹಾಗೆ ಬಿಟ್ಟರೆ, ಯಾವುದಾದರೂ ಒಂದು ವರ್ಷದಲ್ಲಿ ಮೂರು ಅಥವಾ ಅದಕ್ಕಿಂತ ಜಾಸ್ತಿ ಬೀಳುವ ಸಾಧ್ಯತೆ ನೂರಕ್ಕೆ 69. ಅದೇ ಲೆಕ್ಕದಲ್ಲಿ ನಾಲ್ಕು ವರ್ಷ ಒಂದೂ ಸಾವಿಲ್ಲದೆ ಕಳೆಯುತ್ತವೆ. ಆ ನಾಲ್ಕು ಒಳ್ಳೇ ವರ್ಷ ನೆನಪಿದೆಯಾ? ಯಾರಿಗೂ ಇರುವುದಿಲ್ಲ.

ಗಂಡ ಹೋದ ಕೆಲವೇ ತಿಂಗಳಿಗೆ ಹೆಂಡತಿ ಹೋಗುವುದು, ಹೆಂಡತಿ ಹೋದ ಮೇಲೆ ಗಂಡ ಹೋಗುವುದು ಬೇರೆ ವಿಷಯ. ಅದಕ್ಕೆ ನಿಜವಾದ ಕಾರಣ ಇದೆ. ದುಃಖ, ಊಟ ಬಿಡುವುದು, ಔಷಧಿ ಕೊಡುವವರಿಲ್ಲದೆ ಹೋಗುವುದು. ಉಳಿದವರನ್ನು ಆ ಮೊದಲ ವರ್ಷ ಒಂಟಿ ಬಿಡಬೇಡಿ.

## ಇನ್ನೂ ಆಳಕ್ಕೆ ಹೋಗುವವರಿಗೆ

ಹುಟ್ಟಿದ ದಿನವೇ ಸತ್ತವರು ಪುಣ್ಯವಂತರು ಅಂತಾರೆ. ಮಾಸ್ತಿಯವರು ಹಾಗೇ ಅಲ್ವಾ?

ಹೌದು. ಮಾಸ್ತಿ ವೆಂಕಟೇಶ ಅಯ್ಯಂಗಾರ್ ಹುಟ್ಟಿದ್ದು 1891ರ ಜೂನ್ 6, ತೀರಿಕೊಂಡದ್ದು 1986ರ ಜೂನ್ 6. ಒಬ್ಬ ವ್ಯಕ್ತಿಗೆ ಇದರ ಸಾಧ್ಯತೆ 365ರಲ್ಲಿ ಒಂದು. ಆದರೆ ಜನ ಎಷ್ಟಿದ್ದಾರೆ? 2011ರ ಜನಗಣತಿಯಲ್ಲಿ ಶಿವಮೊಗ್ಗ ಜಿಲ್ಲೆಯ ಜನಸಂಖ್ಯೆ 17,52,753. ಅದನ್ನು 365ರಿಂದ ಭಾಗಿಸಿ. ಇವರಲ್ಲಿ ಸುಮಾರು 4,800 ಜನ ಮುಂದೆ ಎಂದೋ ಒಂದು ದಿನ ತಮ್ಮ ಹುಟ್ಟುಹಬ್ಬದಂದೇ ಹೋಗುತ್ತಾರೆ. ಮಾಸ್ತಿಯವರದ್ದು ಎಲ್ಲರಿಗೂ ಗೊತ್ತು. ಉಳಿದವರದ್ದು ಅವರವರ ಮನೆಗೆ ಮಾತ್ರ.

ನನಗೆ 25, ಅಪ್ಪನಿಗೆ 52. ಹಿಂದೆ ನನಗೆ 14 ಇದ್ದಾಗ ಅವರಿಗೆ 41. ಇದೇನು ಹೀಗೆ?

ನನಗೆ ತುಂಬಾ ಇಷ್ಟವಾದ ಪ್ರಶ್ನೆ. ಎರಡಂಕಿಯ ಸಂಖ್ಯೆಯನ್ನು ತಿರುಗಿಸಿ, ದೊಡ್ಡದರಿಂದ ಚಿಕ್ಕದನ್ನು ಕಳೆದರೆ ಯಾವಾಗಲೂ 9ರ ಗುಣಕ ಬರುತ್ತದೆ. ನಿಮ್ಮಿಬ್ಬರ ಅಂತರ 27, ಅಂದರೆ ಮೂರು ಒಂಬತ್ತಲ. ಅಂತರ 9ರ ಗುಣಕವಾದರೆ ಹೀಗೆ 11 ವರ್ಷಕ್ಕೊಮ್ಮೆ ಆಗುತ್ತದೆ. ನಿಮಗೆ 36 ಆದಾಗ ಅಪ್ಪನಿಗೆ 63, ಆಮೇಲೆ 47 ಮತ್ತು 74, ಆಮೇಲೆ 58 ಮತ್ತು 85.

ಒಂದು ಸೂಕ್ಷ್ಮ ಇದೆ. ಇಬ್ಬರ ಹುಟ್ಟುಹಬ್ಬ ಬೇರೆ ಬೇರೆ ದಿನ ಬರುವುದರಿಂದ ವರ್ಷದ ಒಂದು ಭಾಗ ಅಂತರ 27 ಅನ್ನಿಸಿದರೆ ಇನ್ನೊಂದು ಭಾಗ 26 ಅಥವಾ 28 ಅನ್ನಿಸುತ್ತದೆ. ಎರಡರಲ್ಲಿ ಯಾವುದು 9ರ ಗುಣಕವಾದರೂ ಸಾಕು. ಹಾಗಾಗಿ ಒಂಬತ್ತು ಜೋಡಿಯಲ್ಲಿ ಸುಮಾರು ಎರಡಕ್ಕೆ ಈ ಆಟ ಸಿಗುತ್ತದೆ.

ನಮ್ಮ ಮನೆ ದಿನಗಳು ನಿಜವಾಗ್ಲೂ ಹೊಂದುತ್ತವಾ, ಇಲ್ಲ ನನಗೆ ಹಾಗೆ ಕಾಣ್ತಿದೆಯಾ ಅಂತ ಪರೀಕ್ಷೆ ಮಾಡೋದು ಹೇಗೆ?

ಮೊದಲು ಎಲ್ಲ ದಿನಗಳನ್ನೂ ಬರೆಯಿರಿ. ಹೊಂದಿದ್ದನ್ನು ಮಾತ್ರ ಬರೆದರೆ ಅದು ಪರೀಕ್ಷೆ ಅಲ್ಲ. ಹುಟ್ಟು, ಮದುವೆ, ಕೆಲಸ ಸಿಕ್ಕಿದ್ದು, ಬೋರ್‌ವೆಲ್ ತೆಗೆಸಿದ್ದು, ಆಪರೇಷನ್, ಸಾವು, ಎಲ್ಲ.

ಆಮೇಲೆ ಜೋಡಿ ಎಣಿಸಿ. 12 ದಿನ ಬರೆದಿದ್ದರೆ 66 ಜೋಡಿ. ಒಂದು ಜೋಡಿಯಾದರೂ ಒಂದೇ ತಾರೀಖಿಗೆ ಬೀಳುವ ಸಾಧ್ಯತೆ ನೂರಕ್ಕೆ 17, ಅಂದರೆ ಆರು ಮನೆಗೆ ಒಂದು. "ಹೆಚ್ಚುಕಡಿಮೆ ಅದೇ ದಿನ" ಅಂತ ಮೂರು ದಿನ ಆಚೆ, ಮೂರು ದಿನ ಈಚೆ ಬಿಟ್ಟುಕೊಟ್ಟರೆ? ಏಳು ದಿನದ ಕಿಟಕಿ. 66ನ್ನು 7ರಿಂದ ಗುಣಿಸಿ 365ರಿಂದ ಭಾಗಿಸಿದರೆ 1.27. ಪ್ರತಿ ಮನೆಯಲ್ಲೂ ಸರಾಸರಿ ಒಂದು ಜೋಡಿಗಿಂತ ಜಾಸ್ತಿ! ಮದುವೆ, ಮನೆ ಒಕ್ಕಲು ಎಲ್ಲ ಬೇಸಿಗೆಗೇ ಬರುವುದರಿಂದ ನಮ್ಮ ಕಡೆ ಇದಕ್ಕಿಂತಲೂ ಜಾಸ್ತಿ ಸಿಗಬೇಕು.

ಹೊಂದುವುದು ಅಂದರೆ ಏನು ಅಂತ ಮೊದಲೇ ನಿಶ್ಚಯ ಮಾಡಿಕೊಳ್ಳಿ. ತಾರೀಖು ಹೊಂದದಿದ್ದರೆ ತಿಥಿ ನೋಡುತ್ತೇವೆ. ತಿಥಿ ಹೊಂದದಿದ್ದರೆ ವಾರ, ಅದೂ ಇಲ್ಲದಿದ್ದರೆ ನಕ್ಷತ್ರ, ಆಮೇಲೆ ವಯಸ್ಸು, ಆಮೇಲೆ ಎರಡು ಘಟನೆಗಳ ನಡುವಿನ ಅಂತರ. ಹೀಗೆ ಬಾಗಿಲು ತೆರೆಯುತ್ತಾ ಹೋದರೆ ಯಾವುದಾದರೂ ಒಂದರಲ್ಲಿ ಯಾರಾದರೂ ನಿಂತೇ ಇರುತ್ತಾರೆ. ಪರ್ಸಿ ಡಯಾಕೊನಿಸ್, ಫ್ರೆಡರಿಕ್ ಮಾಸ್ಟೆಲ್ಲರ್ ಎಂಬ ಇಬ್ಬರು ಸಂಖ್ಯಾಶಾಸ್ತ್ರಜ್ಞರು 1989ರಲ್ಲಿ ಇದರ ಬಗ್ಗೆಯೇ ಬರೆದರು. ನೋಡುವ ಜಾಗ ಸಾಕಷ್ಟು ದೊಡ್ಡದಾದರೆ ಎಂಥ ವಿಚಿತ್ರವೂ ಆಗಿಯೇ ಆಗುತ್ತದೆ ಅನ್ನುವುದು ಅವರ ಮಾತಿನ ತಿರುಳು.

ನಿಜವಾದ ಪರೀಕ್ಷೆ ಮುಂದಿನದ್ದು. "ನಮ್ಮ ಮನೆಯ ಕೆಟ್ಟದ್ದೆಲ್ಲ ಮಂಗಳವಾರ" ಅಂತ ಅನ್ನಿಸಿದರೆ ಇವತ್ತಿನ ತಾರೀಖು ಹಾಕಿ ಅದನ್ನು ಬರೆದಿಡಿ. ಮುಂದಿನ ಐದು ವರ್ಷ ಆದದ್ದನ್ನೆಲ್ಲ, ಬುಧವಾರದ್ದನ್ನೂ, ಬರೆಯಿರಿ.

ಹಾಗಾದ್ರೆ ದಿನಗಳು ಹೊಂದಿದ್ದನ್ನೆಲ್ಲ ಕಾಕತಾಳೀಯ ಅಂತ ಕೈಬಿಡೋದಾ?

ಬೇಡ, ಖಂಡಿತ ಬೇಡ. 1957ರಲ್ಲಿ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ ಮಂಗಗಳು ಸಾಯುತ್ತಿದ್ದವು. ಅದೇ ದಿನಗಳಲ್ಲಿ ಜನರಿಗೆ ಜೋರು ಜ್ವರ ಬರುತ್ತಿತ್ತು. ಎರಡೂ ಒಟ್ಟಿಗೆ ಆಗುತ್ತಿವೆ ಅನ್ನುವುದನ್ನು ಗಮನಿಸಿದರು, ಸುಮ್ಮನೆ ಬಿಡಲಿಲ್ಲ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಹುಡುಕಿದರು. ಹೊಸ ವೈರಸ್ ಸಿಕ್ಕಿತು. ಅದು ಹರಡುವುದು ಕಾಡಿನ ಉಣುಗಿನಿಂದ. ಅದೇ ನಮ್ಮ ಮಂಗನ ಕಾಯಿಲೆ. ಮಳೆಗಾಲ ಕಳೆದ ಮೇಲಿಂದ ಬೇಸಿಗೆವರೆಗೆ ಅದರ ಕಾಟ ಜಾಸ್ತಿ, ಯಾಕೆಂದರೆ ಮರಿ ಉಣುಗುಗಳು ಚುರುಕಾಗಿರುವುದು ಆಗಲೇ. ದರಗು, ಅಂದರೆ ಒಣಗಿದ ಎಲೆ, ಗುಡಿಸಲು, ಸೌದೆಗೆ ನಾವು ಕಾಡಿಗೆ ಹೋಗುವುದೂ ಆಗಲೇ.

ಇದಕ್ಕೂ ಕಾಲ್ಗುಣಕ್ಕೂ ಇರುವ ವ್ಯತ್ಯಾಸ ನೋಡಿ. ಇಲ್ಲಿ ಒಂದು ಮನೆಯಲ್ಲಲ್ಲ, ಊರೂರಲ್ಲಿ ಅದೇ ಆಯಿತು. ಮರುವರ್ಷ ಅದೇ ಕಾಲಕ್ಕೆ ಮತ್ತೆ ಆಯಿತು. ಮಂಗನಿಂದ ಮನುಷ್ಯನವರೆಗೆ ದಾರಿ ಯಾವುದು ಅಂತ ತೋರಿಸಲು ಸಾಧ್ಯವಾಯಿತು. ಮನೆಯಲ್ಲಿ ಮೂರು ಜನಕ್ಕೆ ಒಂದೇ ತಿಂಗಳಲ್ಲಿ ವಾಂತಿಭೇದಿಯಾದರೆ ಗ್ರಹ ನೋಡುವ ಮೊದಲು ಬಾವಿ ನೋಡಿ.

ಇಷ್ಟೆಲ್ಲ ಲೆಕ್ಕ ಹೇಳ್ತೀರಿ. ನಿಮಗೆ ಇಂಥದ್ದು ಕಂಡಾಗ ಮೈ ಜುಂ ಅನ್ನಲ್ವಾ?

ಅನ್ನುತ್ತದೆ. ನನ್ನ ಅಮ್ಮನಿಗೆ ಹುಟ್ಟಿದ ತಾರೀಖು ಗೊತ್ತಿರಲಿಲ್ಲ. "ಆರಿದ್ರಾ ಮಳೆ ಹೊಯ್ಯುವಾಗ ಹುಟ್ಟಿದ್ದು" ಅಂತ ಅಜ್ಜಿ ಹೇಳುತ್ತಿದ್ದರಂತೆ. ಅಷ್ಟೇ ಅವಳ ಜನನ ಪ್ರಮಾಣಪತ್ರ. ಆರಿದ್ರಾ ಅಂದರೆ ಜೂನ್ 22ರ ಆಸುಪಾಸಿನಿಂದ ಸುಮಾರು 14 ದಿನ.

ಮೊಮ್ಮಗಳು ಶಿವಮೊಗ್ಗದಲ್ಲಿ ಹುಟ್ಟಿದ್ದು ಜೂನ್ ಕೊನೆಯಲ್ಲಿ. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಲೆಕ್ಕ ಹಾಕಿದೆ. 365ನ್ನು 14ರಿಂದ ಭಾಗಿಸಿದರೆ 26. ಇಪ್ಪತ್ತಾರು ಮಕ್ಕಳಲ್ಲಿ ಒಂದು ಆರಿದ್ರಾ ಮಳೆಯಲ್ಲೇ ಹುಟ್ಟುತ್ತದೆ. ಆಮೇಲೆ ಒಳಗೆ ಹೋಗಿ ಮಗುವನ್ನು ಎತ್ತಿಕೊಂಡು ಕಿಟಕಿಯ ಹತ್ತಿರ ನಿಂತೆ. ಹೊರಗೆ ಜೋರಾಗಿ ಹೊಯ್ಯುತ್ತಿತ್ತು. "ನೋಡು, ಇದು ನಿನ್ನ ಮುತ್ತಜ್ಜಿಯ ಮಳೆ" ಅಂತ ಹೇಳಿದೆ.